ಭಾಷಣ ಸಾಕು, ಶಿಕ್ಷಕರ ಕೈಗೆ ಫೈಲು ಕೊಡಿ

ಮಾನ್ಯ ಸಂಪಾದಕರೇ,

ಶಿಕ್ಷಕರ ತರಬೇತಿಯ ವೇಳಾಪಟ್ಟಿಯಲ್ಲಿ ‘ಸಮನ್ವಯ ಶಿಕ್ಷಣ’ (ಅಂಗವಿಕಲ ಮಕ್ಕಳಿಗೂ ಎಲ್ಲರ ಜೊತೆಗೇ ಕಲಿಸುವುದು) ಎಂಬ ಅವಧಿ ಈಗ ಇದ್ದೇ ಇರುತ್ತದೆ. ಕಾಯ್ದೆಯ ಪರಿಚಯ, 21 ಬಗೆಯ ಅಂಗವೈಕಲ್ಯಗಳ ಪಟ್ಟಿ, ಸಹಾನುಭೂತಿಯ ಬಗ್ಗೆ ನಾಲ್ಕು ಮಾತು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓಡಾಡುವ ಒಂದು ಚಟುವಟಿಕೆ, ಅಲ್ಲಿಗೆ ಮುಗಿಯಿತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡವರಿಗೆ ಭಯವೂ ಅನುಕಂಪವೂ ಬರುತ್ತದೆ. ಪಾಠದ ಹಾಳೆಯನ್ನು ಹೇಗೆ ತಯಾರಿಸಬೇಕು ಎಂಬುದು ಮಾತ್ರ ಬರುವುದಿಲ್ಲ. ಮರುದಿನ ಶಾಲೆಗೆ ಮರಳಿದ ಶಿಕ್ಷಕರು ಹಳೆಯ ಫಾಂಟಿನಲ್ಲೇ ಪ್ರಶ್ನೆಪತ್ರಿಕೆ ಟೈಪು ಮಾಡಿಸಿ, ಮೊಬೈಲಿನಲ್ಲಿ ಅದರ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ. ತರಗತಿಯಲ್ಲಿ ದೃಷ್ಟಿದೋಷವುಳ್ಳ ಒಬ್ಬ ವಿದ್ಯಾರ್ಥಿ ಇದ್ದರೆ, ಪರದೆಯನ್ನು ಓದಿ ಹೇಳುವ ಅವನ ಮೊಬೈಲು ಆ ಫೋಟೊವನ್ನು ‘ಚಿತ್ರ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ.

ಕಾಯ್ದೆಯಲ್ಲಿ ಕೊರತೆಯೇನೂ ಇಲ್ಲ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ–2016ರ 17ನೇ ಕಲಮು ಶಿಕ್ಷಕರಿಗೂ ಸಿಬ್ಬಂದಿಗೂ ತರಬೇತಿ ಕೊಡಬೇಕೆನ್ನುತ್ತದೆ. ನಿಗದಿತ ಪ್ರಮಾಣದ ಅಂಗವೈಕಲ್ಯವುಳ್ಳ ಮಕ್ಕಳಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ, ಸಾಧನಗಳನ್ನು ಉಚಿತವಾಗಿ ಒದಗಿಸಬೇಕೆನ್ನುತ್ತದೆ. ಹಕ್ಕುಸ್ವಾಮ್ಯದ ಭಯವೂ ಬೇಡ. 2012ರಲ್ಲಿ ಆದ ತಿದ್ದುಪಡಿಯಿಂದಾಗಿ ಅಂಗವಿಕಲರಿಗಾಗಿ ಪುಸ್ತಕವನ್ನು ಅವರು ಬಳಸಬಲ್ಲ ರೂಪಕ್ಕೆ ತರುವುದು, ಲಾಭದ ಉದ್ದೇಶವಿಲ್ಲದೆ ಹಂಚುವುದು ಉಲ್ಲಂಘನೆಯಾಗುವುದಿಲ್ಲ. ಇದೇ ಆಶಯದ ಅಂತರರಾಷ್ಟ್ರೀಯ ಮರಕೇಶ್ ಒಪ್ಪಂದವನ್ನು 2014ರಲ್ಲಿ ಮೊದಲು ಅನುಮೋದಿಸಿದ ದೇಶವೂ ಭಾರತವೇ. ಅಂಗವಿಕಲ ಮಕ್ಕಳಿಗಾಗಿ ಡಿಜಿಟಲ್ ಪಾಠ ತಯಾರಿಸುವ ಬಗ್ಗೆ ಕೇಂದ್ರ ಶಿಕ್ಷಣ ಸಚಿವಾಲಯದ ಮಾರ್ಗಸೂಚಿ 2021ರಲ್ಲೇ ಬಂದಿದೆ. ಇಷ್ಟೆಲ್ಲ ಇದ್ದೂ ಶಿಕ್ಷಕರು ಇಂದು ಸಂಜೆ ಕೂತು ತಯಾರಿಸುವ ನಾಲ್ಕು ಪುಟದ ಹಾಳೆ ಬದಲಾಗಿಲ್ಲ. ತರಬೇತಿ ಆ ಹಾಳೆಯಿಂದಲೇ ಶುರುವಾಗಬೇಕು ಎಂಬುದು ನಮ್ಮ ವಾದ.

ಕನ್ನಡದ ಮಟ್ಟಿಗೆ ಮೊದಲ ತೊಡಕು ಅಕ್ಷರದಲ್ಲೇ ಇದೆ. ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಪಠ್ಯ ನಮ್ಮ ಕಣ್ಣಿಗೆ ಮಾತ್ರ ಕನ್ನಡ; ಕಂಪ್ಯೂಟರಿನ ಒಳಗೆ ಅದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಪರದೆಯನ್ನು ಓದಿ ಹೇಳುವ ತಂತ್ರಾಂಶ ಒಳಗಿರುವುದನ್ನು ಓದುತ್ತದೆಯೇ ಹೊರತು ಮೇಲೆ ಕಾಣುವುದನ್ನಲ್ಲ. ಹಾಗಾಗಿ ಅಚ್ಚುಕಟ್ಟಾಗಿ ಕಾಣುವ ಪಾಠ ಕಿವಿಗೆ ಅರ್ಥವಿಲ್ಲದ ಗದ್ದಲವಾಗುತ್ತದೆ. ಪರೀಕ್ಷೆ ಸುಲಭ. ಪಠ್ಯವನ್ನೆಲ್ಲ ಆಯ್ದುಕೊಂಡು ಫಾಂಟನ್ನು ಏರಿಯಲ್‌ಗೆ ಬದಲಿಸಿ. ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್, ಅಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ಕಂಪ್ಯೂಟರಿನೊಳಗೆ ತನ್ನದೇ ಸಂಕೇತವಿರುವ ಪದ್ಧತಿ. ರೋಮನ್ ಗೋಜಲಾದರೆ ಹಳೆಯ ಸಂಕೇತ. ಇದಕ್ಕೆ ತಂತ್ರಾಂಶಗಳನ್ನು ದೂರಿ ಫಲವಿಲ್ಲ, ಅವುಗಳಲ್ಲೇ ಯೂನಿಕೋಡ್ ಸೌಲಭ್ಯವಿದೆ. ಕೀಲಿಮಣೆಯ ವಿನ್ಯಾಸವೂ ಅದೇ ಆಗಿರುವುದರಿಂದ ಟೈಪು ಮಾಡುವವರು ಹೊಸದಾಗಿ ಬೆರಳು ಪಳಗಿಸಬೇಕಾಗಿಲ್ಲ. ಆಯ್ಕೆಯನ್ನು ಬದಲಿಸುವ ಅಭ್ಯಾಸವಷ್ಟೇ ಆಗಬೇಕು.

ಹಳೆಯ ಫೈಲುಗಳನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತರಬಹುದು. ಮೂಲದ ಪ್ರತಿಯೊಂದನ್ನು ಬೇರೆ ಇಟ್ಟುಕೊಂಡೇ ಕೆಲಸ ಶುರುಮಾಡಬೇಕು, ಏಕೆಂದರೆ ನಾಲ್ಕು ಕಡೆ ಎಡವಟ್ಟಾಗುತ್ತದೆ. ಪಾಠದ ನಡುವೆ ಇರುವ ಇಂಗ್ಲಿಷ್ ಪದಗಳನ್ನೂ ಪರಿವರ್ತಕ ಹಳೆಯ ಕನ್ನಡವೆಂದೇ ಭಾವಿಸಿ ಅರ್ಥವಿಲ್ಲದ ಅಕ್ಷರಗಳನ್ನಾಗಿಸುತ್ತದೆ. ಗುಣಾಕಾರ, ಭಾಗಾಕಾರದಂಥ ಚಿಹ್ನೆಗಳು ಒತ್ತೋ ಸ್ವರಚಿಹ್ನೆಯೋ ಆಗಿಬಿಡಬಹುದು. ‘ರಾಷ್ಟ್ರ’, ‘ಸ್ತ್ರೀ’ಯಂಥ ಎರಡು ಒತ್ತಿರುವ ಪದಗಳು ಮುರಿಯುತ್ತವೆ. ಅರ್ಕಾವತ್ತು ಒಂದು ಅಕ್ಷರ ಆಚೀಚೆ ಜರುಗುತ್ತದೆ. ಈ ನಾಲ್ಕನ್ನೂ ಕಣ್ಣಿಟ್ಟು ತಿದ್ದಬೇಕು.

ಯೂನಿಕೋಡ್ ಆದಮೇಲೂ ಕಣ್ಣಿಗೆ ಬೀಳದ ತಪ್ಪುಗಳು ಉಳಿದಿರುತ್ತವೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ತಯಾರಾದ ತರಬೇತಿ ಕೈಪಿಡಿಗಳಲ್ಲಿ ಕನ್ನಡದ ಈ ತಪ್ಪುಗಳ ವಿವರ ಸಾಮಾನ್ಯವಾಗಿ ಸಿಗುವುದಿಲ್ಲ. ಅನುಸ್ವಾರದ ಸೊನ್ನೆ (ಂ) ಮತ್ತು ಕನ್ನಡ ಅಂಕಿಯ ಸೊನ್ನೆ (೦) ನೋಡಲು ಒಂದೇ. ಟೈಪು ಮಾಡುವವರು ಅನುಸ್ವಾರದ ಜಾಗದಲ್ಲಿ ಅಂಕಿ ಒತ್ತಿರುತ್ತಾರೆ; ‘ಅ೦ಕ’ ಎಂಬಲ್ಲಿ ಓದುವ ತಂತ್ರಾಂಶ ‘ಅ ಸೊನ್ನೆ ಕ’ ಎಂದು ಮುರಿದು ಓದುತ್ತದೆ, ‘ಅಂಕ’ ಎಂದು ಹುಡುಕಿದರೆ ಆ ಪದ ಸಿಗುವುದೇ ಇಲ್ಲ. ನಿಮ್ಮ ಫೈಲಿನಲ್ಲಿ ಅಂಕಿಗಳೆಲ್ಲ 0, 1, 2 ಎಂಬ ರೂಪದಲ್ಲೇ ಇದ್ದರೆ ಕನ್ನಡ ಸೊನ್ನೆಯನ್ನು ಒಂದೇ ಏಟಿಗೆ ಅನುಸ್ವಾರವಾಗಿ ಬದಲಿಸಬಹುದು. ಕನ್ನಡ ಅಂಕಿಗಳಿದ್ದರೆ ಒಂದೊಂದನ್ನೇ ನೋಡಿ ಬದಲಿಸಬೇಕು. ವಿಸರ್ಗದ ಕಥೆಯೂ ಇಂಥದ್ದೇ. ‘ದುಃಖ’ದಲ್ಲಿ ವಿಸರ್ಗದ ಬದಲು ಕೋಲನ್ ಹಾಕಿದರೆ ‘ದು’ ಒಂದು ಪದ, ‘ಖ’ ಇನ್ನೊಂದು ಪದ. ಶೀರ್ಷಿಕೆ ಅಗಲವಾಗಿ ಕಾಣಲೆಂದು ಅಕ್ಷರಗಳ ನಡುವೆ ಸ್ಪೇಸ್ ಕೊಡುವ ಡಿಟಿಪಿ ಚಾಳಿಯಿಂದ ‘ಪ ರಿ ಸ ರ’ ಎಂಬ ನಾಲ್ಕು ಬಿಡಿ ಅಕ್ಷರಗಳು ಕೇಳುತ್ತವೆ. ಅಂತರ ಬೇಕಿದ್ದರೆ ಫಾಂಟಿನ ಸೆಟ್ಟಿಂಗಿನಲ್ಲಿ ಅಕ್ಷರಾಂತರ ಹೆಚ್ಚಿಸಬೇಕು. ಪ್ರತಿ ಸಾಲಿನ ಕೊನೆಗೆ ಎಂಟರ್ ಒತ್ತುವುದು, ಪದವನ್ನು ಕೈಯಾರೆ ಅಡ್ಡಗೆರೆ ಹಾಕಿ ಒಡೆಯುವುದು ಕೂಡ ಇದೇ ಸಾಲಿಗೆ ಸೇರುತ್ತದೆ. ಅಚ್ಚಿನಲ್ಲಿ ಏನೂ ತೋರುವುದಿಲ್ಲ. ಅಕ್ಷರ ದೊಡ್ಡದು ಮಾಡಿದ ಕೂಡಲೇ ಸಾಲುಗಳು ಎಲ್ಲೆಂದರಲ್ಲಿ ತುಂಡಾಗುತ್ತವೆ.

ಇನ್ನು ಪಿಡಿಎಫ್. ಕನ್ನಡ ಪಿಡಿಎಫ್ ಬಗ್ಗೆ ನಮಗೆ ನಂಬಿಕೆ ಕಡಿಮೆ. ಮೂಲ ಫೈಲು ಯೂನಿಕೋಡಿನಲ್ಲಿದ್ದರೂ ಪಿಡಿಎಫ್ ಒಳಗೆ ಒತ್ತಕ್ಷರ, ಸ್ವರಚಿಹ್ನೆಗಳ ಕ್ರಮ ಕೆಡುವುದುಂಟು. ಒಂದು ಪ್ಯಾರಾ ಕಾಪಿ ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿ ನೋಡಿದರೆ ಬಂಡವಾಳ ತಿಳಿಯುತ್ತದೆ. ಪಿಡಿಎಫ್ ಕೊಡಲೇಬೇಕಿದ್ದರೆ ವರ್ಡ್‌ನಲ್ಲಿ ‘ಪ್ರಿಂಟ್ ಟು ಪಿಡಿಎಫ್’ ಬಳಸಬಾರದು, ಅದು ಶೀರ್ಷಿಕೆಯ ಗುರುತುಗಳನ್ನೂ ಚಿತ್ರವಿವರಣೆಗಳನ್ನೂ (ಓದುವ ತಂತ್ರಾಂಶ ಚಿತ್ರದ ಬದಲು ಓದಿ ಹೇಳುವ ಮಾತು) ಕಳಚಿಹಾಕುತ್ತದೆ. ‘ಸೇವ್ ಆ್ಯಸ್’ ಮೂಲಕ ಹೋಗಿ, ಆಪ್ಷನ್ಸ್‌ನಲ್ಲಿ ದಾಖಲೆಯ ರಚನೆಯ ಟ್ಯಾಗುಗಳನ್ನು ಉಳಿಸುವ ಗುರುತು ಹಾಕಬೇಕು. ಜೊತೆಗೆ ಮೂಲ ವರ್ಡ್ ಫೈಲನ್ನೋ ಇಪಬ್ ಎಂಬ ಇ–ಪುಸ್ತಕ ರೂಪವನ್ನೋ ಕೊಡುವುದೇ ಸುರಕ್ಷಿತ. ಫೈಲು ಇಲ್ಲದೆ ಅಚ್ಚಾದ ಹಳೆಯ ಹಾಳೆ ಮಾತ್ರ ಇದ್ದರೆ ಅದನ್ನು 300 ಡಿಪಿಐನಲ್ಲಿ ನೇರವಾಗಿ ಸ್ಕ್ಯಾನ್ ಮಾಡಿ ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಕೊಡಬಹುದು. ಆದರೆ ಜೆರಾಕ್ಸಿನಲ್ಲಿ ಮಸುಕಾದ ಪ್ರತಿಯಲ್ಲಿ ದ–ಧ, ಪ–ಷ, ಬ–ಭ ಅದಲುಬದಲಾಗುತ್ತವೆ, ಎರಡು ಕಾಲಮ್ಮಿನ ಪುಟದಲ್ಲಿ ಎಡ–ಬಲದ ಸಾಲುಗಳು ಬೆರೆಯುತ್ತವೆ. ಮೂಲದೊಂದಿಗೆ ಹೋಲಿಸಿ ಓದದೆ ಅದನ್ನು ಮಕ್ಕಳಿಗೆ ಕೊಡಬಾರದು. ಎಷ್ಟೋ ಸಲ ಹೊಸದಾಗಿ ಟೈಪು ಮಾಡುವುದೇ ಬೇಗ ಆಗುತ್ತದೆ.

ಅಕ್ಷರ ಸರಿಯಾದ ಮೇಲೆ ರಚನೆ. ದಪ್ಪ ಅಕ್ಷರ, ದೊಡ್ಡ ಗಾತ್ರ ಕೊಟ್ಟ ಮಾತ್ರಕ್ಕೆ ಅದು ಶೀರ್ಷಿಕೆಯಾಗುವುದಿಲ್ಲ. ವರ್ಡ್‌ನ ‘ಹೆಡಿಂಗ್’ ಶೈಲಿಯನ್ನೇ ಹಚ್ಚಬೇಕು. ಕಂಟ್ರೋಲ್, ಆಲ್ಟ್ ಜೊತೆ 1 ಒತ್ತಿದರೆ ಪಾಠದ ಹೆಸರು, 2 ಒತ್ತಿದರೆ ಉಪಶೀರ್ಷಿಕೆ. ಕಣ್ಣು ಕಾಣುವವರು ಪುಟ ತಿರುವಿ ಬೇಕಾದ ಭಾಗಕ್ಕೆ ಹೋಗುವ ಹಾಗೆ ಎನ್‌ವಿಡಿಎ ಎಂಬ ಉಚಿತ ಓದುವ ತಂತ್ರಾಂಶ ಬಳಸುವ ವಿದ್ಯಾರ್ಥಿ ಎಚ್ ಕೀಲಿ ಒತ್ತುತ್ತಾ ಶೀರ್ಷಿಕೆಯಿಂದ ಶೀರ್ಷಿಕೆಗೆ ಜಿಗಿಯುತ್ತಾನೆ. ಶೈಲಿ ಹಚ್ಚಿರದಿದ್ದರೆ ನಲವತ್ತು ಪುಟವನ್ನು ಮೊದಲಿನಿಂದ ಕೇಳಬೇಕು. ಕೋಷ್ಟಕದಲ್ಲಿ ಮೊದಲ ಸಾಲನ್ನು ತಲೆಸಾಲೆಂದು ಗುರುತು ಮಾಡಬೇಕು, ಕೋಶಗಳನ್ನು ಒಂದುಗೂಡಿಸಬಾರದು, ಖಾಲಿ ಕೋಶದಲ್ಲಿ ‘ಇಲ್ಲ’ ಎಂದಾದರೂ ಬರೆಯಬೇಕು. ‘ನೆನಪಿಡಿ’ ಎಂದು ಅಲಂಕಾರದ ಚೌಕದೊಳಗೆ ಹಾಕುವ ಪಠ್ಯ ಬಹಳಷ್ಟು ಸಲ ತೇಲುವ ಟೆಕ್ಸ್ಟ್ ಬಾಕ್ಸ್‌ನಲ್ಲಿರುತ್ತದೆ. ಓದುವ ತಂತ್ರಾಂಶ ಅದನ್ನು ಬಿಟ್ಟುಬಿಡಬಹುದು, ಇಲ್ಲವೇ ಸಂಬಂಧವಿಲ್ಲದ ಜಾಗದಲ್ಲಿ ಓದಬಹುದು. ಪ್ಯಾರಾದ ಸುತ್ತ ಅಂಚು ಹಾಕಿದರೆ ನೋಟವೂ ಅದೇ, ತೊಂದರೆಯೂ ಇಲ್ಲ. ಭಾಷೆಯ ಗುರುತನ್ನು ಕನ್ನಡವೆಂದೇ ಇಡಬೇಕು, ಇಲ್ಲದಿದ್ದರೆ ಇಂಗ್ಲಿಷ್ ಧ್ವನಿ ಕನ್ನಡ ಓದಲು ಹೊರಡುತ್ತದೆ.

ಚಿತ್ರವಿವರಣೆಯಲ್ಲಿ ಶಿಕ್ಷಕರು ಹೆಚ್ಚು ತಡವರಿಸುತ್ತಾರೆ, ಅದಕ್ಕೆ ಕಾರಣವೂ ಇದೆ. ಚಿತ್ರದಲ್ಲಿ ಏನಿದೆ ಎಂದು ಬರೆದರೆ ಸಾಲದು. ಈ ಪಾಠದಲ್ಲಿ ಈ ಚಿತ್ರ ಯಾಕಿದೆ ಎಂದು ಕೇಳಿಕೊಳ್ಳಬೇಕು. ವಿದ್ಯುನ್ಮಂಡಲದ ಒಂದು ಚಿತ್ರ ತೆಗೆದುಕೊಳ್ಳೋಣ: ಒಂದು ಕೋಶ, ಒಂದು ಬಲ್ಬು, ತೆರೆದಿರುವ ಒಂದು ಸ್ವಿಚ್ಚು. ಪ್ರಶ್ನೆ: ‘ಬಲ್ಬು ಉರಿಯುತ್ತದೆಯೇ? ಏಕೆ?’ ಇದಕ್ಕೆ ‘ಚಿತ್ರ 4’ ಎಂದು ವಿವರಣೆ ಹಾಕುವವರಿದ್ದಾರೆ, ‘ವಿದ್ಯುನ್ಮಂಡಲದ ಚಿತ್ರ’ ಎನ್ನುವವರಿದ್ದಾರೆ. ಎರಡರಿಂದಲೂ ಪ್ರಶ್ನೆಗೆ ಉತ್ತರ ಕೊಡಲಾಗದು. ‘ಅಪೂರ್ಣ ಮಂಡಲ, ಬಲ್ಬು ಉರಿಯುತ್ತಿಲ್ಲ’ ಎಂದರೆ ಉತ್ತರವನ್ನೇ ಬಿಟ್ಟುಕೊಟ್ಟಂತೆ. ‘ಒಂದು ಕೋಶ, ಒಂದು ಬಲ್ಬು, ಒಂದು ಸ್ವಿಚ್ಚು ತಂತಿಯಿಂದ ಒಂದೇ ಸುತ್ತಿನಲ್ಲಿ ಜೋಡಣೆಯಾಗಿವೆ, ಸ್ವಿಚ್ಚು ತೆರೆದಿದೆ’ ಎನ್ನುವುದು ಸರಿ, ಕಣ್ಣು ಕಾಣುವ ಮಗುವಿಗೆ ಸಿಕ್ಕಷ್ಟೇ ಮಾಹಿತಿ ಇಲ್ಲೂ ಸಿಕ್ಕಿತು. ಅದೇ ಚಿತ್ರ ಚಿಹ್ನೆಗಳನ್ನು ಕಲಿಸುವ ಪಾಠದಲ್ಲಿದ್ದರೆ ವಿವರಣೆ ಬೇರೆಯಾಗಬೇಕು: ಕೋಶಕ್ಕೆ ಎರಡು ಸಮಾನಾಂತರ ಗೆರೆ, ಉದ್ದದ್ದು ಧನಧ್ರುವ, ಗಿಡ್ಡದ್ದು ಋಣಧ್ರುವ ಎಂದು ಹೇಳಲೇಬೇಕಾಗುತ್ತದೆ. ಪುಟದ ಅಂಚಿನ ಹೂಬಳ್ಳಿಗೆ ವಿವರಣೆಯೇ ಬೇಡ, ‘ಅಲಂಕಾರಿಕ’ ಎಂದು ಗುರುತು ಮಾಡಿದರಾಯಿತು. ಸ್ತಂಭನಕ್ಷೆಯಿದ್ದರೆ ಅದರ ಅಂಕಿಅಂಶವನ್ನು ಕೆಳಗೆ ಕೋಷ್ಟಕವಾಗಿ ಕೊಡಿ. ನಕಾಶೆಯನ್ನು ಮಾತ್ರ ಮಾತಿನಲ್ಲಿ ಹಿಡಿಯಲು ಹೋಗಬೇಡಿ. ಅದಕ್ಕೆ ಮುಟ್ಟಿ ನೋಡುವ ನಕಾಶೆ ಬೇಕು, ಪರೀಕ್ಷೆಯಲ್ಲಾದರೆ ಪರ್ಯಾಯ ಪ್ರಶ್ನೆ.

ವರ್ಡ್‌ನಲ್ಲಿ ಇರುವ ಸುಗಮತೆಯ ತಪಾಸಣೆ (ಫೈಲನ್ನು ಎಲ್ಲರೂ ಬಳಸಬಹುದೇ ಎಂದು ನೋಡುವ ‘ಆ್ಯಕ್ಸೆಸಿಬಿಲಿಟಿ ಚೆಕರ್’) ‘ದೋಷಗಳಿಲ್ಲ’ ಎಂದಿತು ಎಂದು ನಿಶ್ಚಿಂತರಾಗುವಂತಿಲ್ಲ. ಚಿತ್ರಕ್ಕೆ ವಿವರಣೆ ಇದೆಯೋ ಇಲ್ಲವೋ ಎಂದಷ್ಟೇ ಅದು ನೋಡುತ್ತದೆ. ‘ಚಿತ್ರ 4’ ಎಂದು ಬರೆದಿದ್ದರೂ ಪಾಸು. ಅನುಸ್ವಾರದ ಜಾಗದಲ್ಲಿ ಕುಳಿತ ಅಂಕಿ ಅದಕ್ಕೆ ಗೊತ್ತೇ ಆಗುವುದಿಲ್ಲ.

ಪ್ರಶ್ನೆಪತ್ರಿಕೆಗೆ ಬೇರೆಯದೇ ಉಪದ್ರವಗಳಿವೆ. ಬಿಟ್ಟ ಸ್ಥಳಕ್ಕೆ ಎಳೆದ ಅಡಿಗೆರೆಯನ್ನು ತಂತ್ರಾಂಶ ಹತ್ತು ಸಲ ‘ಅಂಡರ್‌ಸ್ಕೋರ್’ ಎನ್ನುತ್ತದೆ, ಇಲ್ಲವೇ ನುಂಗಿಹಾಕುತ್ತದೆ. ನುಂಗಿದಾಗ ‘ನೀರಿನ ಕುದಿಬಿಂದು ಡಿಗ್ರಿ ಸೆಲ್ಸಿಯಸ್’ ಎಂಬ ಅಸಂಬದ್ಧ ವಾಕ್ಯ ಉಳಿಯುತ್ತದೆ. ಗೆರೆಯ ಜಾಗದಲ್ಲಿ ‘ಬಿಟ್ಟ ಸ್ಥಳ’ ಎಂದೇ ಬರೆಯುವುದು ಲೇಸು. ಕಳೆಯುವ ಚಿಹ್ನೆಗೆ ಅಡ್ಡಗೆರೆ ಬಳಸಿದರೆ ‘7 - 3’ ಎಂಬುದು ‘ಏಳು ಮೂರು’ ಎಂದು ಕೇಳಬಹುದು; ನಿಜವಾದ ಮೈನಸ್ ಚಿಹ್ನೆಯನ್ನು ಸೇರಿಸಬೇಕು. ಭಿನ್ನರಾಶಿ, ವರ್ಗಮೂಲಗಳನ್ನು ಚಿತ್ರವಾಗಿ ಅಂಟಿಸದೆ ಸಮೀಕರಣದ ಉಪಕರಣದಲ್ಲೇ ಬರೆಯಬೇಕು. ‘ಹೊಂದಿಸಿ ಬರೆಯಿರಿ’ ಪ್ರಶ್ನೆಯಲ್ಲಿ ಎಡಪಟ್ಟಿಗೆ 1, 2, 3 ಮತ್ತು ಬಲಪಟ್ಟಿಗೆ ಅ, ಆ, ಇ ಕೊಟ್ಟು ಒಂದರ ಕೆಳಗೆ ಒಂದು ಪಟ್ಟಿ ಇಟ್ಟರೆ ಗೆರೆ ಎಳೆಯಲಾಗದ ಮಗುವೂ ‘1–ಇ’ ಎಂದು ಉತ್ತರಿಸುತ್ತದೆ. ಕೈಯ ಸ್ನಾಯು ಬಲಹೀನವಿರುವ ಮಗುವಿಗೂ ಇದರಿಂದ ಅನುಕೂಲ.

ಮಂದದೃಷ್ಟಿಯ ಮಕ್ಕಳಿಗೆ ದೊಡ್ಡಕ್ಷರ ಎಂದಾಕ್ಷಣ ಎ4 ಹಾಳೆಯನ್ನು ಎ3ಗೆ ಜೆರಾಕ್ಸ್ ಮಾಡಿಸಿ ಕೊಡುವ ರೂಢಿ ಇದೆ. ಲೆಕ್ಕ ಹಾಕಿ ನೋಡಿ: ಅದು 141 ಶೇಕಡಾ ಹಿಗ್ಗುವಿಕೆ. 12 ಪಾಯಿಂಟಿನ ಅಕ್ಷರ 17ರ ಹತ್ತಿರ ಹೋಗುತ್ತದೆ, ಕನಿಷ್ಠ ಬೇಕೆನ್ನುವ 18ನ್ನೂ ಮುಟ್ಟುವುದಿಲ್ಲ. ಹಾಳೆ ಡೆಸ್ಕಿನಿಂದಾಚೆಗೆ ಚಾಚುತ್ತದೆ, ಸಾಲು ಉದ್ದವಾಗಿ ಕಣ್ಣು ಮುಂದಿನ ಸಾಲನ್ನು ಹುಡುಕಿಕೊಳ್ಳಲಾರದೆ ಸೋಲುತ್ತದೆ, ಚಿತ್ರಗಳ ಬೂದು ಬಣ್ಣ ಕಪ್ಪು ಮಸಿಯಾಗುತ್ತದೆ. ಫೈಲನ್ನೇ ತೆರೆದು ಅಕ್ಷರ ದೊಡ್ಡದು ಮಾಡಿ ಎ4ನಲ್ಲೇ ಮತ್ತೆ ಹೊಂದಿಸಿದರೆ ಪುಟ ಹೆಚ್ಚಾದರೂ ಓದಲು ಬರುತ್ತದೆ. ಯಾವ ಗಾತ್ರ ಎಂಬುದನ್ನು ಮಗುವನ್ನೇ ಕೇಳಿ: ಒಂದೇ ಪ್ಯಾರಾವನ್ನು 16, 20, 24ರಲ್ಲಿ ಮುದ್ರಿಸಿ ಕೊಟ್ಟು, ದಣಿಯದೆ ಯಾವುದನ್ನು ಓದುತ್ತದೆ ನೋಡಿ. ಕನ್ನಡದ ಫಾಂಟುಗಳಲ್ಲಿ ಒಂದರ 14 ಇನ್ನೊಂದರ 12ರಷ್ಟೇ ಕಾಣುವುದರಿಂದ ಅಂಕಿಯನ್ನು ನಂಬದೆ ಅಚ್ಚಾದ ಅಕ್ಷರವನ್ನೇ ಅಳೆಯಬೇಕು. ಒತ್ತಕ್ಷರಗಳು ಕೆಳಗಿನ ಸಾಲಿನ ಗುಣಿಸುಗಳಿಗೆ ತಾಗದಂತೆ ಸಾಲಂತರ ಒಂದೂವರೆಯಾದರೂ ಇರಲಿ. ನುಣುಪು ಕಾಗದ ಹೊಳೆಯುತ್ತದೆ, ಬೇಡ.

ಬಣ್ಣದ ವಿಷಯದಲ್ಲಿ ಕಣ್ಣಂದಾಜು ಮೋಸ ಮಾಡುತ್ತದೆ. ಅಕ್ಷರ ಮತ್ತು ಹಿನ್ನೆಲೆಯ ನಡುವಿನ ಹೊಳಪಿನ ವ್ಯತ್ಯಾಸ (ಕಾಂಟ್ರಾಸ್ಟ್) ಕನಿಷ್ಠ 4.5:1 ಇರಬೇಕೆಂದು ಅಂತರಜಾಲದ ಸುಗಮತಾ ಮಾನದಂಡ ಹೇಳುತ್ತದೆ. ದೊಡ್ಡಕ್ಷರಕ್ಕೆ 3:1 ಸಾಕು. ಬಿಳಿಯ ಮೇಲೆ ಕಪ್ಪು 21:1. ಶಿಕ್ಷಕರಿಗೆ ಪ್ರಿಯವಾದ ಅಚ್ಚ ಕೆಂಪು ಬಿಳಿಯ ಮೇಲೆ ಸುಮಾರು 4:1 ಮಾತ್ರ, ಸಣ್ಣ ಅಕ್ಷರಕ್ಕೆ ಅದು ನಪಾಸು. ಬಿಳಿಯ ಮೇಲೆ ಹಳದಿಯಂತೂ 1ಕ್ಕಿಂತ ಕೂದಲೆಳೆ ಹೆಚ್ಚು. ‘ಕೆಂಪಿನಲ್ಲಿರುವುದು ನಾಮಪದ, ಹಸಿರಿನಲ್ಲಿರುವುದು ಕ್ರಿಯಾಪದ’ ಎಂಬ ಹಾಳೆ ಕೆಂಪು–ಹಸಿರು ಬೇರ್ಪಡಿಸಲಾಗದವರಿಗೆ ನಿಷ್ಪ್ರಯೋಜಕ. ಈ ವರ್ಣಾಂಧತೆ ಹುಡುಗರಲ್ಲೇ ಹೆಚ್ಚು. ಎಷ್ಟೋ ಜನರಿಗೆ ತಮಗಿದೆ ಎಂಬುದೂ ತಿಳಿದಿರುವುದಿಲ್ಲ. ಬಣ್ಣದ ಜೊತೆಗೆ ಒಂದಕ್ಕೆ ಅಡಿಗೆರೆ, ಇನ್ನೊಂದಕ್ಕೆ ಆವರಣ ಹಾಕಿದರೆ ಮುಗಿಯಿತು.

ಬ್ರೈಲ್ ಎಂದರೆ ಶಿಕ್ಷಕರು ಹೆದರುತ್ತಾರೆ. ಪಠ್ಯ ಶುದ್ಧ ಯೂನಿಕೋಡಿನಲ್ಲಿದ್ದರೆ ಭಾರತೀಯ ಭಾಷೆಗಳ ‘ಭಾರತಿ ಬ್ರೈಲ್’ಗೆ ಪರಿವರ್ತಿಸುವ ಕೆಲಸವನ್ನು, ಲಿಬ್‌ಲೂಯಿ ಎಂಬ ಬ್ರೈಲ್ ಪರಿವರ್ತಕವನ್ನು ಆಧರಿಸಿದ ಉಚಿತ ತಂತ್ರಾಂಶಗಳೇ ಮಾಡುತ್ತವೆ. ಮೇಲೆ ಹೇಳಿದ ಅನುಸ್ವಾರ, ವಿಸರ್ಗಗಳ ತಪ್ಪು ಇಲ್ಲಿ ಚುಕ್ಕಿಗಳಾಗಿ ಹಾಗೆಯೇ ಅಚ್ಚಾಗುತ್ತದೆ ಎಂಬುದನ್ನು ಮರೆಯಬಾರದು. ಬ್ರೈಲ್‌ನಲ್ಲಿ ಒತ್ತು ಅಕ್ಷರದ ಕೆಳಗೆ ಬರುವುದಿಲ್ಲ. ಬ್ರೈಲ್‌ನ ಆರು ಚುಕ್ಕಿಗಳಲ್ಲಿ 4ನೆಯದಾದ ಹಲಂತ ಚಿಹ್ನೆ (ವ್ಯಂಜನಕ್ಕೆ ಸ್ವರವಿಲ್ಲ ಎಂಬ ಗುರುತು) ಮೊದಲು ಬಂದು ವ್ಯಂಜನಗಳು ಸಾಲಾಗಿ ನಿಲ್ಲುತ್ತವೆ. ಇಷ್ಟು ತಿಳಿದಿದ್ದರೆ ಮಗು ಬರೆದುದರಲ್ಲಿ ಯಾವುದು ಕಾಗುಣಿತದ ತಪ್ಪು, ಯಾವುದು ಲಿಪಿಯ ಕ್ರಮ ಎಂದು ಶಿಕ್ಷಕರು ಗೊಂದಲಪಡುವುದಿಲ್ಲ. ಒಂದು ಮುದ್ರಿತ ಪುಟ ಬ್ರೈಲ್‌ನಲ್ಲಿ ಎರಡು–ಮೂರು ಪುಟವಾಗುತ್ತದೆ; ಪ್ರತಿ ಪುಟದಲ್ಲೂ ಮೂಲ ಪುಸ್ತಕದ ಪುಟಸಂಖ್ಯೆ ಇರದಿದ್ದರೆ ‘ಎಲ್ಲರೂ 36ನೇ ಪುಟ ತೆಗೆಯಿರಿ’ ಎಂದಾಗ ಆ ಮಗು ಹಿಂದೆ ಬೀಳುತ್ತದೆ. ಕರಡು ತಿದ್ದಲು ಬ್ರೈಲ್ ಓದಬಲ್ಲವರೇ ಬೇಕು.

ಮುಟ್ಟಿ ನೋಡುವ ಚಿತ್ರ ಎಂದರೆ ಮುದ್ರಿತ ಚಿತ್ರದ ಮೇಲೆಲ್ಲ ದಾರ ಅಂಟಿಸುವುದಲ್ಲ. ಬೆರಳ ತುದಿ ಒಂದು ಸಲಕ್ಕೆ ಚೂರನ್ನಷ್ಟೇ ಗ್ರಹಿಸುತ್ತದೆ. ಗೆರೆಗಳ ನಡುವೆ ಕನಿಷ್ಠ 3 ಮಿಲಿಮೀಟರ್ ಅಂತರವಿರಲಿ, ನೆರಳು–ಅಲಂಕಾರ ಪೂರ್ತಿ ಹೋಗಲಿ, ಗಡಿಗೆ ದಾರ, ಒಳಗಿನ ಭಾಗಕ್ಕೆ ಮರಳುಕಾಗದ ಎಂದು ಎರಡು–ಮೂರು ಬಗೆಯ ಸ್ಪರ್ಶ ಸಾಕು. ಹೂವಿನ ಎಲ್ಲ ಭಾಗಗಳನ್ನೂ ಒಂದರಲ್ಲೇ ತುರುಕುವ ಬದಲು ಎರಡು ಹಾಳೆ ಮಾಡಿ. ಮಾಡಿದವರೇ ಕಣ್ಣು ಮುಚ್ಚಿ ಮುಟ್ಟಿ ‘ಸರಿಯಾಗಿದೆ’ ಎನ್ನುವುದು ಪರೀಕ್ಷೆಯಲ್ಲ. ಅವರಿಗೆ ಚಿತ್ರ ಮೊದಲೇ ಗೊತ್ತು.

ಕಿವಿ ಕೇಳದ ಮಕ್ಕಳ ವಿಷಯಕ್ಕೆ ಬಂದರೆ, ವಿಡಿಯೊ ಪಾಠಕ್ಕೆ ತಾನಾಗಿ ಮೂಡುವ ಕನ್ನಡ ಅಡಿಬರಹವನ್ನು (ಸಬ್‌ಟೈಟಲ್) ತಿದ್ದದೆ ಬಿಡಬಾರದು. ಪಾರಿಭಾಷಿಕ ಪದಗಳಲ್ಲೇ ಅದು ಹೆಚ್ಚು ಎಡವುತ್ತದೆ, ಪಾಠದ ಜೀವ ಇರುವುದೂ ಅಲ್ಲೇ. ಅಡಿಬರಹದ ಎಸ್‌ಆರ್‌ಟಿ ಫೈಲು ಸರಳ ಪಠ್ಯ: ಕ್ರಮಸಂಖ್ಯೆ, ಶುರು–ಕೊನೆಯ ಸಮಯ, ಕೆಳಗೆ ಮಾತು, ಆಮೇಲೊಂದು ಖಾಲಿ ಸಾಲು. ಉಳಿಸುವಾಗ ಯುಟಿಎಫ್–8 ಎಂಬ ಯೂನಿಕೋಡ್ ಸಂಕೇತವನ್ನು ಆಯ್ದುಕೊಳ್ಳದಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ಒಂದು ಸಲಕ್ಕೆ ಎರಡು ಸಾಲಿಗಿಂತ ಹೆಚ್ಚು ಬೇಡ. ಅಡಿಬರಹ ಹಾಕಿದ ಮೇಲೆ ವಿಡಿಯೊದ ಆರಂಭವನ್ನು ಕತ್ತರಿಸಿದರೆ ಎಲ್ಲ ಸಮಯವೂ ಜರುಗುತ್ತದೆ, ಆದ್ದರಿಂದ ಸಂಕಲನ ಮುಗಿದ ಮೇಲೆಯೇ ಇದಕ್ಕೆ ಕೈ ಹಾಕಬೇಕು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಅಡಿಬರಹವನ್ನು ಚಿತ್ರದೊಳಗೇ ಅಚ್ಚೊತ್ತಿ ಕಳಿಸಿ. ಇಷ್ಟಾದರೂ ಅಡಿಬರಹವೇ ಎಲ್ಲವೂ ಅಲ್ಲ. ಭಾರತೀಯ ಸಂಜ್ಞಾಭಾಷೆ ಕೈಯಲ್ಲಿ ಆಡುವ ಕನ್ನಡವಲ್ಲ, ಅದಕ್ಕೆ ತನ್ನದೇ ವ್ಯಾಕರಣವಿದೆ. ಅದನ್ನೇ ಮೊದಲ ಭಾಷೆಯಾಗಿ ಕಲಿತ ಮಗುವಿಗೆ ಕನ್ನಡದ ಅಡಿಬರಹ ಎರಡನೇ ಭಾಷೆಯ ಓದು. ಪಠ್ಯಪುಸ್ತಕಗಳನ್ನು ಸಂಜ್ಞಾಭಾಷೆಗೆ ತರಲು ಎನ್‌ಸಿಇಆರ್‌ಟಿ ಮತ್ತು ಭಾರತೀಯ ಸಂಜ್ಞಾಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2020ರಲ್ಲಿ ಒಪ್ಪಂದ ಮಾಡಿಕೊಂಡದ್ದು ಇದೇ ಕಾರಣಕ್ಕೆ. ವಿಡಿಯೊದಲ್ಲಿ ಮಾತಾಡುವ ಶಿಕ್ಷಕರು ‘ಇದು ಇಲ್ಲಿಂದ ಇದಕ್ಕೆ ಬರುತ್ತೆ’ ಎನ್ನುವ ಬದಲು ‘ಎಡಗಡೆಯ ಕೊಳವೆ ನಡುವಿನ ಪಾತ್ರೆಗೆ ಸೇರುತ್ತೆ’ ಎಂದರೆ ಕಾಣದವರಿಗೂ ಪಾಠ ಸಿಗುತ್ತದೆ, ಅದಕ್ಕೆ ಯಾವ ತಂತ್ರಾಂಶವೂ ಬೇಡ.

ಓದುವುದರಲ್ಲೇ ತೊಡಕಿರುವ ಮಕ್ಕಳು, ಬೌದ್ಧಿಕ ಅಸಾಮರ್ಥ್ಯವಿರುವ ಮಕ್ಕಳು, ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳು — ಸಂಖ್ಯೆಯಲ್ಲಿ ಇವರೇ ಹೆಚ್ಚು, ತರಬೇತಿಯಲ್ಲಿ ಇವರಿಗೆ ಸಿಗುವ ಸಮಯ ಕಡಿಮೆ. ನಮ್ಮ ಪಠ್ಯದ ವಾಕ್ಯಗಳ ಮಾದರಿ ನೋಡಿ: ‘ಹಸಿರು ಸಸ್ಯಗಳು ಪತ್ರಹರಿತ್ತಿನ ಸಹಾಯದಿಂದ ಸೂರ್ಯನ ಬೆಳಕಿನಲ್ಲಿ ನೀರು ಮತ್ತು ಕಾರ್ಬನ್ ಡೈಆಕ್ಸೈಡನ್ನು ಬಳಸಿಕೊಂಡು ಆಹಾರವನ್ನು ತಯಾರಿಸಿಕೊಳ್ಳುವ ಕ್ರಿಯೆಗೆ ದ್ಯುತಿಸಂಶ್ಲೇಷಣೆ ಎನ್ನುವರು.’ ಯಾವುದರ ಬಗ್ಗೆ ಮಾತಾಡುತ್ತಿದ್ದೇವೆ ಎಂಬುದು ಕೊನೆಗೆ ಬರುತ್ತದೆ. ಅಲ್ಲಿಯವರೆಗೆ ಮಗು ಎಲ್ಲವನ್ನೂ ತಲೆಯಲ್ಲಿ ಹೊತ್ತುಕೊಂಡಿರಬೇಕು. ಹೀಗೆ ಮಾಡಿ: ‘ಗಿಡಗಳು ತಮ್ಮ ಆಹಾರವನ್ನು ತಾವೇ ತಯಾರಿಸುತ್ತವೆ. ಈ ಕೆಲಸದ ಹೆಸರು ದ್ಯುತಿಸಂಶ್ಲೇಷಣೆ. ಇದಕ್ಕೆ ನೀರು, ಕಾರ್ಬನ್ ಡೈಆಕ್ಸೈಡ್, ಬಿಸಿಲು ಬೇಕು. ಎಲೆಯಲ್ಲಿ ಪತ್ರಹರಿತ್ತು ಎಂಬ ಹಸಿರು ವಸ್ತು ಇದೆ. ಅದು ಬಿಸಿಲನ್ನು ಹೀರುತ್ತದೆ.’ ಪಾರಿಭಾಷಿಕ ಪದ ಎಲ್ಲಿಯೂ ಹೋಗಲಿಲ್ಲ, ವಿಷಯ ತೆಳುವಾಗಲಿಲ್ಲ. ವಿಷಯವನ್ನೇ ಕತ್ತರಿಸಿ ‘ಸರಳಗೊಳಿಸಿದೆವು’ ಎನ್ನುವುದು ಆ ಮಗುವಿಗೆ ಬಗೆದ ಅನ್ಯಾಯ. ಪಠ್ಯವನ್ನು ಎಡಕ್ಕೆ ಮಾತ್ರ ಸರಿಹೊಂದಿಸಿ. ಕನ್ನಡದ ಪದಗಳು ಉದ್ದವಾದ್ದರಿಂದ ಎರಡೂ ಅಂಚು ಸಮ ಮಾಡಿದರೆ ನಡುವೆ ಹೊಂಡಗಳು ಬೀಳುತ್ತವೆ, ಓದಲು ತೊಡಕಿರುವವರ ಕಣ್ಣು ಅಲ್ಲಿ ಜಾರುತ್ತದೆ.

ಇಷ್ಟನ್ನು ಒಂದು ದಿನದ ಭಾಷಣದಲ್ಲಿ ಕಲಿಸಲು ಬರುವುದಿಲ್ಲ. ನಾವು ಸೂಚಿಸುವ ಕ್ರಮ ಇದು. ತಂಡದಲ್ಲಿ 20 ಜನ ಮೀರಬಾರದು. ಇಬ್ಬರು ತರಬೇತುದಾರರು, ಅವರಲ್ಲೊಬ್ಬರು ಓದುವ ತಂತ್ರಾಂಶವನ್ನು ದಿನನಿತ್ಯ ಬಳಸುವವರಾಗಿರಬೇಕು ಮತ್ತು ಅವರಿಗೂ ಅಷ್ಟೇ ಸಂಭಾವನೆ ಸಲ್ಲಬೇಕು. ಪ್ರತಿಯೊಬ್ಬರೂ ಮುಂದಿನ ವಾರ ಕಲಿಸಲಿರುವ ಪಾಠದ ನಾಲ್ಕಾರು ಪುಟದ ಫೈಲು ತರಬೇಕು. ಮೊದಲ ದಿನ ಬೆಳಿಗ್ಗೆ ಪರದೆ ಆರಿಸಿ, ಹೆಡ್‌ಫೋನ್ ಹಾಕಿಕೊಂಡು ಹತ್ತು ನಿಮಿಷ ತಮ್ಮದೇ ಫೈಲನ್ನು ಕೇಳಿ, ತಿಳಿದದ್ದನ್ನು ಬರೆಯಬೇಕು. ಕಣ್ಣಿಗೆ ಬಟ್ಟೆ ಕಟ್ಟುವ ಆಟಕ್ಕೂ ಇದಕ್ಕೂ ವ್ಯತ್ಯಾಸವಿದೆ: ಇಲ್ಲಿ ದೋಷ ಕಾಣುವುದು ಕಣ್ಣಿನಲ್ಲಲ್ಲ, ಫೈಲಿನಲ್ಲಿ. ಆ ಮಧ್ಯಾಹ್ನ ಯೂನಿಕೋಡ್ ಮತ್ತು ಶೀರ್ಷಿಕೆ. ಎರಡನೇ ದಿನ ಚಿತ್ರ, ಕೋಷ್ಟಕ, ಗಣಿತ. ಮೂರನೇ ದಿನ ದೊಡ್ಡಕ್ಷರ, ಅಡಿಬರಹ, ಸರಳ ವಾಕ್ಯ. ಕೊನೆಯಲ್ಲಿ ತಿದ್ದಿದ ಫೈಲನ್ನು ಒಬ್ಬ ವಿದ್ಯಾರ್ಥಿಗೆ ಕೊಟ್ಟು ಮೂರು ಪ್ರಶ್ನೆ ಕೇಳಬೇಕು. ಯಾರ ನೆರವೂ ಇಲ್ಲದೆ ಉತ್ತರ ಸಿಕ್ಕಿದರೆ ಫೈಲು ಪಾಸು. ಆಮೇಲೆ ಎರಡು ತಿಂಗಳು, ಹದಿನೈದು ದಿನಕ್ಕೊಂದು ಫೈಲು ಕಳಿಸಿ ತಿದ್ದುಪಡಿ ಪಡೆಯುವ ವ್ಯವಸ್ಥೆ ಇರಲಿ. ಪ್ರಮಾಣಪತ್ರ ಹಾಜರಿಗಲ್ಲ, ಕೊನೆಯ ಫೈಲಿಗೆ.

ಕೆಡುವುದು ಸಣ್ಣ ಸಂಗತಿಗಳಿಂದಲೇ. ಪ್ರಯೋಗಾಲಯದಲ್ಲಿ ಹೆಡ್‌ಫೋನ್ ಇಲ್ಲದಿದ್ದರೆ 20 ಕಂಪ್ಯೂಟರ್ ಒಟ್ಟಿಗೆ ಮಾತಾಡಿ ಸಂತೆಯಾಗುತ್ತದೆ. ಕನ್ನಡ ಬಾರದ ಧ್ವನಿಯನ್ನು ಆಯ್ದುಕೊಂಡಿದ್ದರೆ ಯೂನಿಕೋಡ್ ಪಠ್ಯ ಬಂದಾಗ ಎನ್‌ವಿಡಿಎ ಮೌನವಾಗಬಹುದು. ಶಿಕ್ಷಕರು ಫೈಲೇ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಎನ್‌ವಿಡಿಎ ಜೊತೆಗೇ ಬರುವ ಇಸ್ಪೀಕ್ ಎಂಬ ಧ್ವನಿ ತಂತ್ರಾಂಶದಲ್ಲಿ ಕನ್ನಡವಿದೆ, ಆರಿಸಿಕೊಳ್ಳಬೇಕಷ್ಟೆ. ಅದರ ಧ್ವನಿ ಒರಟು, ಮೊದಲು ಕೇಳುವವರಿಗೆ ವೇಗ ತಗ್ಗಿಸಿ ಕೊಡಬೇಕು. ಇವನ್ನೆಲ್ಲ ಹಿಂದಿನ ಸಂಜೆಯೇ ನೋಡಿಕೊಳ್ಳದಿದ್ದರೆ ಮೊದಲ ಬೆಳಿಗ್ಗೆ ಪೂರ್ತಿ ಇದರಲ್ಲೇ ಹೋಗುತ್ತದೆ.

ಎಲ್ಲ ಭಾರವನ್ನೂ ಶಿಕ್ಷಕರ ಮೇಲೆ ಹೊರಿಸುವುದೂ ತಪ್ಪು. ಪಠ್ಯಪುಸ್ತಕ ಅಚ್ಚಿಗೆ ಹೋಗುವ ಮೊದಲೇ ಯೂನಿಕೋಡ್, ಶೀರ್ಷಿಕೆ, ಚಿತ್ರವಿವರಣೆಗಳಿರುವ ಮೂಲ ಫೈಲನ್ನು ಒಪ್ಪಿಸಬೇಕೆಂಬ ಷರತ್ತು ಮುದ್ರಣದ ಕರಾರಿನಲ್ಲೇ ಇರಬೇಕು. ಅದಿಲ್ಲದಿದ್ದರೆ ಒಂದೇ ಪುಸ್ತಕವನ್ನು ನೂರಾರು ಶಿಕ್ಷಕರು ನೂರಾರು ಕಡೆ ಮತ್ತೆ ಮತ್ತೆ ಟೈಪು ಮಾಡುತ್ತಾರೆ. ವಿಜ್ಞಾನದ ಚಿತ್ರಕ್ಕೆ ವಿವರಣೆ ಬರೆಯುವುದು ವಿಷಯ ಬಲ್ಲ ಶಿಕ್ಷಕರ ಕೆಲಸ. ಅನುಸ್ವಾರ ತಿದ್ದುವುದು ಅವರ ಕೆಲಸವಲ್ಲ. ಪ್ರಶ್ನೆಪತ್ರಿಕೆ, ಅಭ್ಯಾಸ ಹಾಳೆಗಳನ್ನು ನಿಜವಾಗಿ ಟೈಪು ಮಾಡುವವರು ಶಾಲೆಯ ಕಚೇರಿಯ ಸಿಬ್ಬಂದಿ ಮತ್ತು ಹೊರಗಿನ ಡಿಟಿಪಿಯವರು. ಇವರನ್ನು ಈವರೆಗೆ ಯಾವ ಸಮನ್ವಯ ಶಿಕ್ಷಣದ ತರಬೇತಿಗೂ ಕರೆಯುವ ರೂಢಿಯಿಲ್ಲ. ಇಪ್ಪತ್ತು ಜನರ ತಂಡದಲ್ಲಿ ನಾಲ್ಕು ಸ್ಥಾನವನ್ನಾದರೂ ಅವರಿಗೆ ಮೀಸಲಿಡಬೇಕೆಂದು ಇಲಾಖೆಯನ್ನು ಕೋರುತ್ತೇವೆ.

— ಸುಗಮ ಕಲಿಕಾ ಸಾಮಗ್ರಿ ತಯಾರಿಕೆಯ ತರಬೇತುದಾರರು